ಬೆಟ್ಟದ ಮೇಲಿನ ಪ್ಲಗ್ಗು

"ಉಸ್ತಾದ್, ನಾನಿನ್ನು ಕಲಿಯೋದು ಏನಾದ್ರೂ ಬಾಕಿ ಇದೆಯಾ?"

ತಿಪ್ಪೇಶ ಹೀಗೆ ಕೇಳಿದ್ದು ಗಾಡಿಯಿಂದ ಇಳಿಯೋದಕ್ಕೂ ಮುಂಚೇನೇ. ಹೆಲ್ಮೆಟ್ ಇನ್ನೂ ತಲೇಲೇ ಇತ್ತು, ಒಂದು ಕಾಲು ಗಾಡಿ ಮೇಲೇ ಇತ್ತು, ಮಾತು ಮಾತ್ರ ಆಗಲೇ ಇಳಿದು ಗ್ಯಾರೇಜಿನ ಒಳಗೆ ಹೋಗಿ ಕೂತಿತ್ತು. ಅವನೇ ಹಂಗೆ.

ಚಿತ್ರದುರ್ಗದ ಹೊಳಲ್ಕೆರೆ ರಸ್ತೇಲಿ ಫಕ್ರುದ್ದೀನ್ ಉಸ್ತಾದರ ಗ್ಯಾರೇಜು ಅಂದ್ರೆ ಈಗ ಎಲ್ರಿಗೂ ಗೊತ್ತು. ಪೆಟ್ರೋಲ್ ಬೈಕ್ ಒಳಗೆ ಹೋಗುತ್ತೆ, ಕರೆಂಟ್ ಬೈಕ್ ಆಗಿ ಹೊರಗೆ ಬರುತ್ತೆ. ಇಂಜಿನ್ ಇಳಿಸ್ತಾರೆ, ಆ ಜಾಗಕ್ಕೆ ಬ್ಯಾಟರಿ ಕೂರಿಸ್ತಾರೆ, ಚೈನಿಗೆ ಮೋಟರ್ ಜೋಡಿಸ್ತಾರೆ. ಮೊದಲು ಕಟ್ಟಿದ ಗಾಡಿ ಇತ್ತಲ್ಲ, ರಸ್ತೆ ಉಬ್ಬು ಹತ್ತೋಕೂ ಅದಕ್ಕೆ ದಮ್ಮು ಕಟ್ಟೋದು, ಸೈಕಲ್ಲಿನವರು ಹಿಂದಿನಿಂದ ಬೆಲ್ ಹೊಡೆದು ದಾರಿ ಕೇಳೋರು. ಆಮೇಲಿನವು ಪೆಟ್ರೋಲ್ ಗಾಡಿಗೆ ಸರಿಸಮ ಓಡಿದ್ವು. ಈಗ ತಿಪ್ಪೇಶ ಒಬ್ಬನೇ, ಇನ್ನೊಬ್ಬರ ಕೈ ತಾಗಿಸದೆ ಕಟ್ಟಿರೋ ಈ ಗಾಡಿ ಇದೆಯಲ್ಲ, ಸಿಗ್ನಲ್ ಹಸಿರಾಗಿ ಪಕ್ಕದವನು ಗೇರ್ ಹಾಕೋ ಹೊತ್ತಿಗೆ ಇದು ಮುಂದಿನ ಸರ್ಕಲ್ಲಿನ ಹತ್ರ ಇರುತ್ತೆ. ಬೆಳಿಗ್ಗೆ ಉಸ್ತಾದ್ "ಹಿಂದಿನ ಚಕ್ರದ ಬ್ರೇಕ್ ಶೂ ಹಳೇದೇ ಇದೆಯಲ್ಲೋ, ಬಿಚ್ಚಿ ನೋಡಿದ್ಯಾ" ಅಂದಿದ್ರು. "ಆಮೇಲೆ ಉಸ್ತಾದ್" ಅಂತ ಇವನು ಹಾರಿ ಹೋಗಿದ್ದ.

"ಮೆದೇಹಳ್ಳಿ ರಸ್ತೇಲಿ ಒಬ್ಬನೂ ಹತ್ರ ಬರ್ಲಿಲ್ಲ ಉಸ್ತಾದ್, ಒಬ್ಬನೂ. ಹಿಂದೆ ಕೂತಿದ್ದ ಲೋಕಿ ಹೆದರಿ ನನ್ನ ಬೆಲ್ಟೇ ಕಿತ್ಕೊಂಡ. ರುದ್ರಮಾವ ಬೈಪಾಸ್ ಹತ್ರದ ಮಳಿಗೆ ಕೊಡ್ತೀನಿ ಅಂತಿದ್ದಾನೆ, ಸಂಜೆಯೊಳಗೆ ಹೂಂ ಇಲ್ಲಾ ಊಹೂಂ ಹೇಳ್ಬೇಕಂತೆ. ನಂದೇ ಗ್ಯಾರೇಜು. ನಂಗೆ ಎಲ್ಲ ಬಂದಿದೆ, ನೂರಕ್ಕೆ ನೂರು ಬಂದಿದೆ, ಹೌದಾ ಅಲ್ವಾ, ನೀವೇ ಹೇಳಿ."

ಹೇಳಿ ಅಂದಿದ್ದು ಬಾಯಿ, ಕಣ್ಣಿದ್ದಿದ್ದು ಉಸ್ತಾದರ ಎಡಗಡೆ ಗೋಡೆ ಮೇಲೆ. ಅಲ್ಲಿ ನಟ್ಟು ಬಿಚ್ಚೋ ಪಾನಾಗಳ ಸಾಲಿದೆ. ಈ ಗ್ಯಾರೇಜಲ್ಲಿ ಒಂದು ಪದ್ಧತಿ. ಕಲಿತವನು ಸ್ವಂತ ಅಂಗಡಿ ಹಾಕೋಕೆ ಹೊರಟಾಗ ಉಸ್ತಾದ್ ತಮ್ಮ ಕೈಯಾರೆ ಒಂದು ಪಾನಾ ಇಳಿಸಿ ಕೊಡ್ತಾರೆ. ಅದಿಲ್ದೆ ಇಲ್ಲಿಂದ ಹೋಗಿ ಅಂಗಡಿ ತೆರೆದವರು ಯಾರೂ ಇಲ್ಲ. ತೆರೆದ್ರೆ ತಡೆಯೋರೂ ಇಲ್ಲ, ಆದ್ರೂ ಯಾರೂ ತೆರೆದಿಲ್ಲ.

ಉಸ್ತಾದ್ ಕೈಯೊರೆಸಿಕೊಂಡು ಸ್ಟೂಲ್ ಎಳ್ಕೊಂಡ್ರು. ಸ್ಟೂಲ್ ಎಳ್ಕೊಂಡ್ರು ಅಂದ್ರೆ ಕತೆ ಬರುತ್ತೆ ಅಂತ. ಬರೀ ಹೂಂ ಅಂದ್ರೆ ಸಾಕಿತ್ತು, ಕತೆ ಯಾಕೆ ಈಗ ಅಂತ ತಿಪ್ಪೇಶನಿಗೆ ಕಾಲು ಕುಣೀತಿತ್ತು. ಆದ್ರೂ ಹೆಲ್ಮೆಟ್ ತೆಗೆದು ಕೂತ.

ಒಂದು ಬೆಟ್ಟ, ಅಂತ ಶುರು ಮಾಡಿದ್ರು ಉಸ್ತಾದ್. ಬೆಟ್ಟದ ತುದೀಲಿ ದೇವಸ್ಥಾನ, ಬುಡದಲ್ಲಿ ಒಬ್ಬ ಹೂವಿನ ವ್ಯಾಪಾರಿ. ದಿನಾ ಬೆಳಿಗ್ಗೆ ಚೆಂಡುಹೂವಿನ ಹಾರದ ಮೂಟೆ ಬೈಕಿಗೆ ಹೇರ್ಕೊಂಡು ಹತ್ತೋನು, ಮಾರಿ ಇಳಿಯೋನು. ಹಳೇ ಬೈಕು, ತಿರುವು ತಿರುವಿಗೂ ಕೆಮ್ಮೋದು. ಒಬ್ಬ ಮೆಕ್ಯಾನಿಕ್ ಹತ್ರ ಹೋಗಿ ಅದನ್ನ ಕರೆಂಟಿಗೆ ಬದಲಾಯಿಸ್ಕೊಂಡ. ಗಾಡಿ ಸಲೀಸಾಗಿ ಹತ್ತಿತು. ಇಳಿಯೋವಾಗ ಇನ್ನೂ ಸುಖ. ಕೈ ಸಡಿಲ ಬಿಟ್ರೆ ಸಾಕು, ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬಿಸ್ತಾ, ಯಾರೋ ಹಿಂದಿನಿಂದ ಅಂಗಿ ಹಿಡ್ಕೊಂಡ ಹಂಗೆ ಗಾಡಿನ ಮೆಲ್ಲಗೆ ಇಳಿಸೋದು. ಹೂವಿನವನು ಬ್ರೇಕ್ ಮುಟ್ಟೋದನ್ನೇ ಬಿಟ್ಟ. ಮುಟ್ಟದ ಬ್ರೇಕು ತುಕ್ಕು ಹಿಡೀತು.

ಹತ್ತೋ ರುಚಿ ಹತ್ತಿದ ಮೇಲೆ ಇನ್ನೂ ಜೋರಾಗಿ ಹತ್ಬೇಕು ಅನ್ನಿಸ್ತು. ಮೆಕ್ಯಾನಿಕ್ ದೊಡ್ಡ ಮೋಟರ್ ಕೂರಿಸಿ ಕೊಟ್ಟ. "ಇದು ಹತ್ತೋವಾಗ ಜಾಸ್ತಿ ತಿನ್ನುತ್ತೆ ಅಣ್ಣ. ಬೇಕಾದ್ರೆ ಬೆಟ್ಟದ ಮೇಲೆ ಸ್ವಲ್ಪ ಚಾರ್ಜಿಗೆ ಹಾಕ್ಕೊ. ಆದ್ರೆ ಬ್ಯಾಟರಿ ಮೀಟರು ನೋಡ್ತಿರು, ತೊಂಬತ್ತಕ್ಕೆ ಪ್ಲಗ್ ಕಿತ್ಬಿಡು" ಅಂದ.

"ಪ್ರಸಾದದ ಮನೆ ಕರೆಂಟು ಕಣಯ್ಯ, ಪುಕ್ಕಟೆ. ಎಲೆ ಮುಂದೆ ಕೂತ್ಮೇಲೆ ಪಾಯಸ ಬಿಟ್ಟು ಯಾರಾದ್ರೂ ಏಳ್ತಾರಾ?" ಅಂದ ಹೂವಿನವನು.

ಶ್ರಾವಣದ ಒಂದು ಶನಿವಾರ. ಬಾಣದ ಹಂಗೆ ಹತ್ತಿ ಬಂದ ಗಾಡಿನ ನೋಡೋಕೆ ಮೇಲೆ ಜನ ಮುತ್ಕೊಂಡ್ರು. ಹೂವಿನವನು ಪ್ಲಗ್ ಹಾಕಿ, ತಾನು ಹೆಂಗೆ ಹತ್ತಿದೆ ಅಂತ ಹೇಳ್ತಾ ನಿಂತ. ಮೀಟರು ತೊಂಬತ್ತು ದಾಟಿ ನೂರು ಮುಟ್ತು. ನೂರನ್ನ ಎಲ್ರಿಗೂ ತೋರಿಸಿ, ಗಾಡಿ ಹತ್ತಿ ಹೊರಟ.

ಮೊದಲನೇ ತಿರುವಲ್ಲಿ ಕೈ ಸಡಿಲ ಬಿಟ್ಟ. ಹಿಂದಿನಿಂದ ಅಂಗಿ ಹಿಡಿಯೋರು ಯಾರೂ ಬರ್ಲಿಲ್ಲ. ಎರಡನೇ ತಿರುವಿಗೆ ಗಾಳಿ ಕಿವೀಲಿ ಸಿಳ್ಳೆ ಹಾಕ್ತು. ಬ್ರೇಕ್ ಒತ್ತಿದ. ಅದು ಕಿರುಚಿ, ಒಂದಿಷ್ಟು ಹೊಗೆ ಬಿಟ್ಟು, ನನ್ನ ಕೈಲಾಗಲ್ಲ ಅಂತು. ಮುಂದಿನ ತಿರುವಲ್ಲಿ ದೇವಸ್ಥಾನದವರು ಬಾಡಿದ ಹಾರಗಳನ್ನ ಸುರಿಯೋ ಗುಂಡಿ. ಗಾಡಿ ಸಮೇತ ಹೂವಿನವನು ಅದರೊಳಗೆ ಮುಳುಗಿದ. ಒಂದು ಗೀರೂ ಆಗ್ಲಿಲ್ಲ. ಎದ್ದು ಕೂತಾಗ ಕೊರಳಲ್ಲಿ, ಹಿಂದಿನ ದಿನ ತಾನೇ ಮಾರಿದ್ದ ಹಾರ.

ತಿಪ್ಪೇಶನಿಗೆ ಇನ್ನು ತಡ್ಕೊಳ್ಳೋಕೆ ಆಗ್ಲಿಲ್ಲ. "ಬ್ಯಾಟರಿ ತುಂಬಿದೆ ಉಸ್ತಾದ್, ಅಷ್ಟೇ. ಮೋಟರ್ ಕಳಿಸೋ ಕರೆಂಟು ಹೋಗೋಕೆ ಜಾಗ ಇಲ್ಲ, ಕಂಟ್ರೋಲರು ಕಟ್ ಮಾಡಿದೆ, ಮೋಟರ್ ಗಾಡಿನ ಹಿಡಿದಿಲ್ಲ. ಇದು ನಂಗೆ ಯಾವಾಗಲೋ ಗೊತ್ತು. ಹೂವಿನವನು ಶುರು ಮಾಡಿದಾಗಲೇ ಗೊತ್ತಾಯ್ತು."

"ಗೊತ್ತಾ? ಒಳ್ಳೇದಾಯ್ತು" ಅಂದ್ರು ಉಸ್ತಾದ್. ಕತೆ ಮುಂದುವರಿಸಿದ್ರು.

ಹೂವಿನವನು ಗಾಡಿ ತಳ್ಕೊಂಡು ಬಂದ. ತಲೇಲಿ ಚೆಂಡುಹೂವಿನ ಎಸಳು, ಬಾಯಲ್ಲಿ ಬೈಗುಳ. "ನಿನ್ನ ಗಾಡಿ ನಡುದಾರೀಲಿ ಕೈಕೊಡ್ತಲ್ಲಯ್ಯ" ಅಂದ. ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿದ. ಒಂದು ವೈರೂ ತಪ್ಪಿರಲಿಲ್ಲ. "ಬೆಟ್ಟ ದಾರಿಯುದ್ದಕ್ಕೂ ಕೊಡ್ತಾನೇ ಇತ್ತು ಅಣ್ಣ" ಅಂದ. "ಇಸ್ಕೊಳ್ಳೋಕೆ ನಿನ್ನಲ್ಲಿ ಜಾಗ ಇರ್ಲಿಲ್ಲ."

ಉಸ್ತಾದ್ ಅಲ್ಲಿಗೆ ನಿಲ್ಲಿಸಿದ್ರು.

"ಆಮೇಲೆ ಅವನು ಬುದ್ಧಿ ಕಲಿತ್ನಾ?" ಅಂದ ತಿಪ್ಪೇಶ ನಗ್ತಾ.

"ಈಗ ಬೆಟ್ಟದ ಮೇಲೆ ದೇವರಿಗೆ ಒಂದು ಸಲ ಕೈ ಮುಗೀತಾನೆ, ಪ್ಲಗ್ಗಿಗೆ ಎರಡು ಸಲ."

ತಿಪ್ಪೇಶ ಹೊಟ್ಟೆ ಹಿಡ್ಕೊಂಡು ನಕ್ಕ. ಎಂಥಾ ದಡ್ಡ ಅವನು ಉಸ್ತಾದ್, ಹೇಳಿದ್ರೂ ಕೇಳ್ಬಾರ್ದಾ, ಅಂತ ಇನ್ನೂ ಏನೇನೋ ಹೇಳ್ತಾ ಇದ್ದ. ಉಸ್ತಾದ್ ಎದ್ದು ಗೋಡೆ ಹತ್ರ ಹೋದ್ರು. ಸಾಲಿನಿಂದ ಒಂದು ಪಾನಾ ಇಳಿಸಿದ್ರು, ಹಿಡಿ ಸವೆದು ಬೆಳ್ಳಿ ಹಂಗೆ ಹೊಳೆಯೋದು, ತಾವೇ ದಿನಾ ಹಿಡಿಯೋದು. ತಂದು ಅವನ ಅಂಗೈ ಮೇಲಿಟ್ಟು ಬೆರಳು ಮಡಚಿದ್ರು.

"ಹೋಗಿ ಅಂಗಡಿ ಹಾಕು ಮಗಾ, ಆದ್ರೆ ತೊಂಬತ್ತಕ್ಕೆ ಪ್ಲಗ್ ಕಿತ್ಕೊಂಡು ಹೋಗು."

ತಿಪ್ಪೇಶನ ನಗು ಅರ್ಧದಲ್ಲೇ ನಿಲ್ತು. ಹೊರಗೆ ಹೋದ. ಆ ಪಾನಾನ ಮೊಟ್ಟಮೊದಲು ಹಾಕಿದ್ದು ತನ್ನದೇ ಗಾಡಿಯ ಹಿಂದಿನ ಚಕ್ರದ ನಟ್ಟಿಗೆ.