ಸಂಕವ್ವನ ಎಲೆಗೆ ಸುಣ್ಣವಿಲ್ಲ

ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ನನ್ನ ಅಜ್ಜಿಯ ಅಜ್ಜಿಗೂ ಅದು ಹಿಂದೆಯೇ ಆಗಿತ್ತು, ಕಲ್ಲುಗುಡ್ಡದ ಬುಡದಲ್ಲಿ ಒಂದೂರಿತ್ತಂತೆ. ಗುಡ್ಡದ ಮೇಲೆ ಕೋಟೆ, ಕೋಟೆಯಲ್ಲೊಬ್ಬ ನಾಯಕ. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ. ನೆನಪಿದ್ದರೂ ನಾನು ಹೇಳುತ್ತಿರಲಿಲ್ಲ. ಕೆಳಗೆ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಸಂಕವ್ವನ ಹೆಸರು ಮಾತ್ರ ಎಲ್ಲರಿಗೂ ಗೊತ್ತು.

ನಾಯಕನಿಗೊಂದು ಪಂಚಕಲ್ಯಾಣಿ ಕುದುರೆ ಇತ್ತಂತೆ. ಮೈಯೆಲ್ಲ ಕೆಂಪು, ನಾಲ್ಕು ಕಾಲು ಮತ್ತು ಮುಖ ಬಿಳಿ. ಅಂಥದ್ದು ಲಾಯದಲ್ಲಿದ್ದರೆ ಸೋಲೇ ಇಲ್ಲವೆಂದು ಆಗಿನವರ ನಂಬಿಕೆ. ಆದರೆ ನಮ್ಮದು ಎರೆಮಣ್ಣಿನ ಸೀಮೆ. ಒಂದು ಮಳೆ ಬಿದ್ದರೆ ಬಿಳಿ ಕಾಲು ಬಿಳಿಯಾಗಿ ಉಳಿದೀತೇ? ಬೆಳ್ಳಗಾಗಲಿ ಎಂದು ನಾಯಕ ಗದರುತ್ತಿದ್ದನಂತೆ, ಲಾಯದವರು ಉಜ್ಜುತ್ತಿದ್ದರಂತೆ. ಉಜ್ಜಿದಷ್ಟೂ ಕುದುರೆ ಒದೆಯತೊಡಗಿತಂತೆ. ಒಬ್ಬನ ದವಡೆ ಮುರಿಯಿತು, ಇನ್ನೊಬ್ಬನ ಮಂಡಿ ಚಿಪ್ಪು ಹೋಯಿತು. ಕೊನೆಗೆ ಉಳಿದವನು ಗಾದ್ರಿ ಒಬ್ಬನೇ. ಅವನೂ ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿಕೊಂಡು ದೂರದಿಂದಲೇ ತೊಳೆಯುತ್ತಿದ್ದನಂತೆ.

ನಾಯಕನ ಮಗಳನ್ನು ನೋಡಲು ಬೀಗರಾಗುವವರು ಬರುವ ದಿನ ಬಂತು. ನಾಯಕ ಅದೇ ಕುದುರೆ ಏರಿ ಅವರನ್ನು ಗಡಿಯಲ್ಲಿ ಎದುರುಗೊಳ್ಳಬೇಕು. ಬೆಳಿಗ್ಗೆ ನೋಡಿದರೆ ಮೊಣಕಾಲಿನವರೆಗೂ ಕೆಸರು. ಆಗ ಅವನಿಗೆ ತನ್ನ ತಲೆಯ ಮೇಲಿನ ಬಿಳಿ ರುಮಾಲು ಒಗೆದವಳ ನೆನಪಾಯಿತಂತೆ. ಆಳು ಕಳಿಸಿ ಕರೆಸಿದ. ಬಿಸಿಲು ನೆತ್ತಿಗೆ ಬರುವುದರೊಳಗೆ ನಾಲ್ಕೂ ಕಾಲು ಬೆಳ್ಳಗಾಗಬೇಕು, ಇಲ್ಲದಿದ್ದರೆ ನಿನ್ನ ಬಲಗೈಯನ್ನು ಮಣಿಕಟ್ಟಿಗೆ ಕಡಿಸುತ್ತೇನೆ ಎಂದನಂತೆ. ಬಟ್ಟೆ ಒಗೆಯುವವಳಿಗೆ ಕೈಯೇ ಹೋದರೆ ಇನ್ನೇನು ಉಳಿಯಿತು, ನೀವೇ ಹೇಳಿ.

ಸಂಕವ್ವ ಲಾಯಕ್ಕೆ ಹೋದಳಂತೆ. ಕುದುರೆ ಕಿವಿಯನ್ನು ಹಿಂದಕ್ಕೆ ಮಡಚಿ ನಿಂತಿತ್ತು. ಗಾದ್ರಿಯ ಪಕ್ಕದಲ್ಲಿ ಒಂದು ಬಾನಿ ತುಂಬ ಬೆಳ್ಳನೆಯ ನೀರು. ಅವಳು ಅದರೊಳಗೆ ಬೆರಳು ಅದ್ದಿದಳು, ತಕ್ಷಣ ತೆಗೆದಳು. ಒಗೆದು ಒಗೆದು ಬಿರಿದಿದ್ದ ಬೆರಳು ಚುರ್ರೆಂದಿತ್ತು. ಚೌಳು ಮಣ್ಣು, ಜೊತೆಗೆ ಸುಣ್ಣ. ಬಟ್ಟೆಯ ಕೊಳೆಯನ್ನೇ ತಿನ್ನುವ ಚೌಳನ್ನು ಚರ್ಮಕ್ಕೆ ಹಚ್ಚುತ್ತಾರೆಯೇ! ಅವಳಿಗೆ ಮೈ ಉರಿದುಹೋಯಿತಂತೆ. ಬಾನಿಯನ್ನು ತಿಪ್ಪೆಗೆ ಚೆಲ್ಲಿಸಿದಳು.

ಆಮೇಲೆ ಅವಳು ಮಾಡಿದ್ದು ಏನು ಗೊತ್ತೇ? ಸುಮ್ಮನೆ ನಿಂತಳಂತೆ. ಹಸಿ ಕೆಸರನ್ನು ಉಜ್ಜಿದರೆ ಮರಳು ಚರ್ಮಕ್ಕಿಳಿಯುತ್ತದೆ, ಒಣಗಲಿ ಎಂದಳಂತೆ. ಬಿಸಿಲು ಏರುತ್ತಿತ್ತು. ನಿನಗೆ ಕೈಯ ಮೇಲೆ ಆಸೆ ಇಲ್ಲವೇ ಎಂದು ಕಾವಲಿನವರು ಕೂಗುತ್ತಿದ್ದರಂತೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

ಕೆಸರು ಒಣಗಿತು. ಮಾತಾಡಿಸುತ್ತಾ ಕುದುರೆಯ ಭುಜದ ಕಡೆಯಿಂದ ಬಂದಳಂತೆ. ಬೆನ್ನ ಮೇಲಿಟ್ಟ ಕೈಯನ್ನು ಎತ್ತದೆ, ಸವರುತ್ತಾ ತೊಡೆಗೆ, ತೊಡೆಯಿಂದ ಕಾಲಿಗೆ ಇಳಿಸಿದಳು. ಮಂಡಿಯೂರಲಿಲ್ಲ, ಬಗ್ಗಿದಳಷ್ಟೆ, ಅದೂ ಪಕ್ಕದಲ್ಲಿ. ಹುಲ್ಲಿನ ಕುಚ್ಚಿನಿಂದ ಒಣ ಮಣ್ಣನ್ನು ಉದುರಿಸಿದಳು. ಮೂರು ಕಾಲು ಆಯಿತು. ಹಿಂದಿನ ಎಡಗಾಲು ಮುಟ್ಟಿದ್ದೇ ತಡ, ಒದೆ ಬಂತು! ಪಕ್ಕದಲ್ಲಿದ್ದಳಲ್ಲ, ತಲೆ ಉಳಿಯಿತು. ಗೊರಸು ಕಿವಿಗೆ ತಾಗಿ ಓಲೆ ಕಿತ್ತುಹೋಯಿತು, ಕತ್ತಿನ ಮೇಲೆ ರಕ್ತ ಇಳಿಯಿತು. ಕುದುರೆಯ ಮೈಮೇಲಿದ್ದ ಎಡಗೈಯನ್ನು ಮಾತ್ರ ಅವಳು ತೆಗೆಯಲಿಲ್ಲವಂತೆ. "ಗೊತ್ತಾತು ಕಣವ್ವ, ಉರೀತದೆ, ಗೊತ್ತಾತು" ಎಂದಳಂತೆ. ಎರಡನೇ ಸಲ ಎತ್ತಿದ ಕಾಲು ಅಲ್ಲೇ ನಿಂತಿತು, ಮೆಲ್ಲಗೆ ನೆಲಕ್ಕಿಳಿಯಿತು.

ಅಂಟುವಾಳದ ನೀರನ್ನು ಮೊದಲು ತನ್ನ ಮಣಿಕಟ್ಟಿನ ಒಳಮೈಗೆ ಹಚ್ಚಿ ನೋಡಿ, ಆಮೇಲೆ ಕಾಲಿಗೆ ಹಾಕಿದಳಂತೆ. ನೊರೆ ಒಂದಿಷ್ಟೂ ಉಳಿಯದಂತೆ ತೊಳೆದಳು, ಗೊರಸಿನ ಮೇಲಿನ ಸಂದನ್ನೂ ಬಿಡದೆ ಒರೆಸಿದಳು. ಮೂರು ಕಾಲು ಬೆಳ್ಳಗಾದವು. ನಾಲ್ಕನೆಯದರಲ್ಲಿ ಕೂದಲೇ ಇರಲಿಲ್ಲ. ಸುಣ್ಣ ಹೆಚ್ಚಾಗಿ ಬಿದ್ದು ಸುಟ್ಟು ಕೆಂಪಗಾದ ಮಾಂಸ.

ಗಾದ್ರಿ ಅವಳ ಕಾಲಿಗೆ ಬಿದ್ದನಂತೆ. "ಯಕ್ಕಾ, ಇವತ್ತೊಂದಿನ ಸುಣ್ಣ ಬಳಿದುಬಿಡು. ನಿನ್ನ ಕೈನೂ ಉಳೀತದೆ, ನಂದೂ ಉಳೀತದೆ." ಅವಳು ಹುಣ್ಣಿಗೆ ಅರಿಶಿನ, ಹೊಂಗೆಯೆಣ್ಣೆ ಹಚ್ಚಿದಳು. ಈಗ ಆ ಕಾಲು ಬಿಳಿಯೂ ಅಲ್ಲ, ಕೆಂಪೂ ಅಲ್ಲ, ಹಳದಿ.

ನಾಯಕ ಬಂದ, ಬಾಯಲ್ಲಿ ಎಲೆ ಅಡಿಕೆ. ನೋಡಿದ. ಕತ್ತಿಯವನನ್ನು ಕರೆದ. ಸಂಕವ್ವ ತಾನೇ ಬಲಗೈ ಚಾಚಿದಳಂತೆ.

"ಕಡೀರಿ ಸಾಮಿ. ಒಂದ್ ಮಾತು ಕೇಳ್ತೀನಿ. ಎಲೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ರೆ ಏನ್ ಮಾಡ್ತೀರಿ?"

"ಉಗೀತೀನಿ."

"ಇದರ ಕಾಲಿಗೆ ಸುಣ್ಣ ಮೆತ್ತವ್ರೆ ಸಾಮಿ, ಬೆಳ್ಳಗೆ ಕಾಣ್ಲಿ ಅಂತ. ಇದೆಲ್ಲಿ ಉಗೀಬೇಕು? ಅದುಕ್ಕೇ ಒದೀತು."

ಮೆತ್ತಿದವನು ಯಾರೆಂದು ಅವಳು ಹೇಳಲಿಲ್ಲ. ನಾಯಕನೂ ಕೇಳಲಿಲ್ಲವಂತೆ, ಬೆಳ್ಳಗಾಗಲಿ ಎಂದವನು ಯಾರೆಂದು ಅವನಿಗೆ ಗೊತ್ತಿತ್ತಲ್ಲ. ಬಾಯಲ್ಲಿದ್ದುದನ್ನು ಉಗಿದು, ಕತ್ತಿಯವನಿಗೆ ಹೋಗು ಎಂದು, ಬೀಗರನ್ನು ಎದುರುಗೊಳ್ಳಲು ನಡೆದುಕೊಂಡೇ ಹೋದನಂತೆ. ಅಂದಿನಿಂದ ಸಾಯುವ ತನಕ ಸುಣ್ಣ ಮುಟ್ಟಲಿಲ್ಲ ಎನ್ನುತ್ತಾರೆ. ನಾನು ನಂಬುವುದಿಲ್ಲ, ಎಲೆ ಅಡಿಕೆಯ ಚಟ ನನಗೂ ಇದೆ.

ಈಗ ಕೋಟೆಯೂ ಇಲ್ಲ, ಕುದುರೆಯೂ ಇಲ್ಲ. ಆದರೂ ಎತ್ತಿನ ಕಾಲು ತೊಳೆಯುವ ಮುಂಚೆ ನಮ್ಮೂರವರು ನೀರನ್ನು ತಮ್ಮ ಮಣಿಕಟ್ಟಿಗೆ ಹಚ್ಚಿ ನೋಡುತ್ತಾರೆ. ಹಳ್ಳದಲ್ಲಿ ಸಂಕವ್ವ ಒಗೆಯುತ್ತಿದ್ದ ಬಂಡೆ ಇದೆಯಲ್ಲ, ಮಳೆಗಾಲದ ಮೊದಲ ಕೆಸರಿನ ದಿನ ಅದರ ಮೇಲೆ ಎಲೆ ಅಡಿಕೆ ಇಡುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು ಸುಣ್ಣ ಮರೆತಿರಿ ಎನ್ನುತ್ತಾರೆ. ಮರೆತಿಲ್ಲವಮ್ಮ, ಅವಳಿಗೆ ಸುಣ್ಣ ಇಡುವುದಿಲ್ಲ.