ದೊಡ್ಡ ಕ್ಯಾಮೆರಾ ಮತ್ತು ಎಂಟು ಮುಖಗಳು

ರೇಷ್ಮೆ ಕಾರ್ಖಾನೆಯಿದ್ದ ಒಂದು ಪಟ್ಟಣದಲ್ಲಿ ಮರಿಸ್ವಾಮಿ ಎಂಬ ಫೋಟೊಗ್ರಾಫರ್ ಇದ್ದ. ಅವನ ಹತ್ತಿರ ಇದ್ದದ್ದು ರೋಲ್ ಹಾಕುವ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಫೋಟೊ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಿ, ಗುಂಡಿ ಒತ್ತಿದರೆ ಮುಗಿಯಿತು. ಮದುವೆ, ನಾಮಕರಣ, ಶಾಲೆಯ ಮಕ್ಕಳ ಗುಂಪು, ಎಲ್ಲ ಅದರಲ್ಲೇ ನಡೆಯುತ್ತಿತ್ತು. ಆದರೆ ಅವನಿಗೆ ಬಹಳ ದಿನದಿಂದ ಒಂದು ಆಸೆ. ಅಂಗೈಗಿಂತ ಅಗಲದ ಹಾಳೆ ಫಿಲಂ ಹಾಕುವ ದೊಡ್ಡ ಕ್ಯಾಮೆರಾ ತನಗೂ ಬೇಕು. ಅದರಲ್ಲಿ ಒಂದು ಹಾಳೆಗೆ ಒಂದೇ ಫೋಟೊ. ಆದರೆ ಆ ಒಂದು ಫೋಟೊದಲ್ಲಿ ದೂರದ ಗೋಡೆಯ ಕೂದಲೆಳೆಯಂಥ ಬಿರುಕೂ ಕಾಣುತ್ತದೆ.

ಈ ಆಸೆ ಕಾರ್ಖಾನೆಯ ಸಾಹುಕಾರನ ಕಿವಿಗೆ ಬಿತ್ತು. ಅವನು ಮರಿಸ್ವಾಮಿಯನ್ನು ಕರೆಸಿ ಒಂದು ಮರದ ಪೆಟ್ಟಿಗೆ ತೆರೆದು ತೋರಿಸಿದ. ಒಳಗೆ ದೊಡ್ಡ ಕ್ಯಾಮೆರಾ. ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯ ಚರ್ಮ, ಹಿಂದೆ ಮಬ್ಬುಗಾಜು, ಮೂರುಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳಲು ಕರಿಬಟ್ಟೆ.

"ತಗೊ, ಇದು ನಿನಗೇ," ಅಂದ ಸಾಹುಕಾರ. "ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬ್ತಾ ಇದೆ ಕಣಯ್ಯ. ಕೆಲಸದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಫೋಟೊ ತೆಗಿ. ಒಬ್ಬೊಬ್ಬರ ಮುಖವೂ ಸ್ಪಷ್ಟವಾಗಿ ಕಾಣಬೇಕು. ಎಲ್ಲಾ ನಮ್ಮನೆ ಮಕ್ಕಳಿದ್ದ ಹಾಗೆ."

ಮರಿಸ್ವಾಮಿ ಕೈಮುಗಿದ. ನೀವು ಅಲ್ಲಿದ್ದರೆ ಕೈಮುಗಿಯಬೇಡಿ. ಸಾಹುಕಾರ ಏನಾದರೂ ಕೊಡುವಾಗ ಅವನ ಕೈ ನೋಡಬಾರದು, ಕಣ್ಣು ಎಲ್ಲಿದೆ ಎಂದು ನೋಡಬೇಕು.

ಕಣ್ಣು ಎಲ್ಲಿತ್ತು, ಹೇಳುತ್ತೇನೆ. ಆ ಕಾರ್ಖಾನೆಯಲ್ಲಿ ಇನ್ನೂರು ಹೆಂಗಸರು ಕುದಿಯುವ ನೀರಿನ ತೊಟ್ಟಿಗಳ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುತ್ತಿದ್ದರು. ಹಬೆಯ ಕೊಳವೆ ಒಡೆದಿತ್ತು. ಅದಕ್ಕೆ ಗೋಣಿ ಸುತ್ತಿದ್ದರು. ಗೋಣಿ ಸುತ್ತಿದರೆ ಹಬೆ ನಿಲ್ಲುತ್ತದೆಯೇ? ಮೂವರ ಕೈ ಬೆಂದವು. ಆಗ ಎಂಟು ಜನ ಹೆಂಗಸರು ಯಾರಿಗೂ ಹೇಳದೆ ಬಸ್ಸು ಹತ್ತಿ, ಜಿಲ್ಲೆಯ ಕಾರ್ಮಿಕರ ಕಚೇರಿಗೆ ಹೋಗಿ ದೂರು ಕೊಟ್ಟು ಬಂದರು. ಆ ಕಚೇರಿಯ ಸಾಹೇಬರು ಅವರ ಹೆಸರನ್ನು ಬೀರುವಿನೊಳಗೆ ಬೀಗ ಹಾಕಿ ಇಟ್ಟರು. ಆದರೆ ಹೊರಗೆ ಕೂತಿದ್ದ ಗುಮಾಸ್ತ ಎಂಟೂ ಮುಖ ನೋಡಿದ್ದ. ಅವನು ಸಾಹುಕಾರನ ಮನುಷ್ಯ.

ಕಾರ್ಖಾನೆಗೆ ಬಂದು ಬೆರಳು ತೋರಿಸಿದರೆ ಗುಮಾಸ್ತನ ಕೆಲಸ ಹೋಗುತ್ತದೆ. ಹಾಗಾಗಿ ಫೋಟೊದಲ್ಲಿ ಗುರುತು ಹಿಡಿದುಕೊಡುತ್ತೇನೆ ಅಂದ. ಹಿಂದಿನ ವರ್ಷ ಮರಿಸ್ವಾಮಿಯೇ ತೆಗೆದಿದ್ದ ಗುಂಪಿನ ಫೋಟೊ ಒಂದಿತ್ತು. ರೋಲ್ ಕ್ಯಾಮೆರಾದ್ದು. ಇನ್ನೂರು ಜನ ಹಿಡಿಸಬೇಕೆಂದು ದೂರದಿಂದ ತೆಗೆದದ್ದು. ಎಷ್ಟು ದೊಡ್ಡದು ಮಾಡಿದರೂ ಮುಖಗಳು ರಾಗಿ ಚೆಲ್ಲಿದ ಹಾಗೆ ಕಂಡವು. ಅದಕ್ಕೇ ದೊಡ್ಡ ಕ್ಯಾಮೆರಾ ಬಂತು. ಎಂಟು ಮನೆಗಳ ಒಲೆ ಆರಿಸುವುದಕ್ಕೆ ಬಂತು. ಮರಿಸ್ವಾಮಿಗೆ ಇದೊಂದೂ ಗೊತ್ತಿರಲಿಲ್ಲ. ತನ್ನ ಕೈಚಳಕಕ್ಕೆ ಕೊನೆಗೂ ಬೆಲೆ ಬಂತು ಎಂದುಕೊಂಡ. ಹೊಗಳಿಕೆ ಕಿವಿಗೆ ಬಿದ್ದವನು ಪ್ರಶ್ನೆ ಕೇಳುವುದಿಲ್ಲ.

ಫೋಟೊದ ದಿನ ಬೆಳಿಗ್ಗೆ ಅಂಗಳದಲ್ಲಿ ಬೆಂಚು ಜೋಡಿಸಿ, ಐದು ಸಾಲು ಮಾಡಿ, ಮುಂದಿನ ಸಾಲಿನ ಹೆಂಗಸರನ್ನು ಕೂರಿಸಿ, ಮಿಕ್ಕವರನ್ನು ಹಿಂದೆ ನಿಲ್ಲಿಸಿದರು. ನಡುವೆ ಕುರ್ಚಿಯಲ್ಲಿ ಸಾಹುಕಾರ. ಮರಿಸ್ವಾಮಿ ಕರಿಬಟ್ಟೆ ಹೊದ್ದು ಅರ್ಧ ಗಂಟೆ ಹೊರಗೇ ಬರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ದುಂಡಮ್ಮ ಎಂಬಾಕೆ ಎದ್ದು ಬಂದಳು. ದೂರು ಕೊಟ್ಟ ಎಂಟು ಜನರಲ್ಲಿ ಇವಳೇ ಮೊದಲನೆಯವಳು.

"ಒಳಗೇನ್ ಮುದ್ದೆ ತಿರುವ್ತಾ ಇದ್ದೀಯ ಮರಿಸ್ವಾಮಪ್ಪ? ನಂಗೂ ಒಸಿ ತೋರ್ಸು."

ಅವನು ಹೆಮ್ಮೆಯಿಂದ ಬಟ್ಟೆ ಎತ್ತಿ ಒಳಗೆ ಬಿಟ್ಟುಕೊಂಡ. ಮಬ್ಬುಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿ ಕಂಡರು.

"ಅಯ್ಯೋ, ಬಾವಲಿ ಹಂಗೆ ನೇತಾಡ್ತಾ ಅವ್ರಲ್ಲ. ಸಾವ್ಕಾರ್ರೂ ಬಾವಲಿನೇ."

"ಸುಮ್ನಿರು ದುಂಡಕ್ಕ. ತಗೊ, ಈ ಭೂತಗನ್ನಡಿ ಗಾಜಿಗೆ ಇಟ್ಟು ನೋಡು."

ದುಂಡಮ್ಮ ನೋಡಿದಳು. ಅವಳ ನಗು ನಿಂತಿತು.

"ಕೊನೇ ಸಾಲಲ್ಲಿರೋ ಮಾದೇವಿ ಗಲ್ಲದ ಮಚ್ಚೆ ಕಾಣ್ತದೆ."

"ಅದೇ ನೋಡು ಇದರ ಹೆಚ್ಚುಗಾರಿಕೆ."

"ಯಾರಿಗೆ ಹೆಚ್ಚುಗಾರಿಕೆ?" ಅಂದಳು ದುಂಡಮ್ಮ. "ಇಪ್ಪತ್ತೈದು ವರ್ಸ ನಮ್ ಮಕ ಎತ್ತಿ ನೋಡದೋರ್ಗೆ ಇವತ್ತು ಮಾದೇವಿ ಮಚ್ಚೆ ಯಾಕಪ್ಪ ಬೇಕು?"

ಮರಿಸ್ವಾಮಿಗೆ ರೇಗಿತು. "ನಿಮಗೆ ಎಲ್ಲದರಲ್ಲೂ ಅನುಮಾನ. ಒಳ್ಳೇದು ಮಾಡಿದ್ರೂ ಅನುಮಾನ. ಹೋಗಿ ನೆಟ್ಟಗೆ ಕೂತ್ಕೊ. ಇದು ಹಳೇ ಕ್ಯಾಮೆರಾ ತರ ಅಲ್ಲ. ಐದೂ ಸಾಲು ಸ್ಪಷ್ಟವಾಗಿ ಬರಬೇಕಾದರೆ ಲೆನ್ಸಿನ ಕಂಡಿ ಕಿರಿದು ಮಾಡಿ, ಎರಡು ಎಣಿಸೋ ತನಕ ತೆರೆದಿಡಬೇಕು. ಅಷ್ಟರಲ್ಲಿ ಅಲುಗಿದ್ರೆ ಮುಖ ಹೊಗೆ ಆಗಿಬಿಡ್ತದೆ. ಎಲ್ಲರಿಗೂ ಹೇಳು."

"ಎಲ್ಲಾರ್ಗೂ ಹೇಳ್ತೀನಿ," ಅಂದಳು ದುಂಡಮ್ಮ.

ಹೇಳಿದಳು. ಪಕ್ಕದವಳ ಕಿವಿಗೆ, ಅವಳು ಹಿಂದಿನವಳ ಕಿವಿಗೆ. ಮಾತು ಐದು ಸಾಲೂ ಹತ್ತಿತು. ತನ್ನ ಬುದ್ಧಿವಾದ ಹರಡುತ್ತಿದೆ ಎಂದು ಮರಿಸ್ವಾಮಿ ಸಮಾಧಾನಪಟ್ಟ.

ಅವನು ಎರಡು ಹಾಳೆಗಳಲ್ಲಿ ಎರಡು ಫೋಟೊ ತೆಗೆದ. ಹಳೆಯ ಕ್ಯಾಮೆರಾದಲ್ಲಾಗಿದ್ದರೆ ಜನರ ಮುಖ ನೋಡುತ್ತಲೇ ಗುಂಡಿ ಒತ್ತುತ್ತಿದ್ದ. ಹೊಸದರಲ್ಲಿ ಲೆಕ್ಕ ತಪ್ಪೀತೆಂಬ ಭಯ. ಎರಡು ಸಲವೂ ಅವನ ಕಣ್ಣು ಕೈಗಡಿಯಾರದ ಮುಳ್ಳಿನ ಮೇಲಿತ್ತು. ಕ್ಯಾಮೆರಾವನ್ನೇ ನೋಡುತ್ತ ನಡುವೆ ಕೂತ ಸಾಹುಕಾರನಿಗೆ ಅಕ್ಕಪಕ್ಕದ್ದಾಗಲಿ ಬೆನ್ನ ಹಿಂದಿನದಾಗಲಿ ಏನೂ ಕಾಣಲಿಲ್ಲ.

ಕತ್ತಲೆಕೋಣೆಯಲ್ಲಿ ಫೋಟೊ ಮೂಡಿತು. ಗೋಡೆಯ ಇಟ್ಟಿಗೆ ಎಣಿಸಬಹುದಿತ್ತು. ಸಾಹುಕಾರನ ಚಿನ್ನದ ಗುಂಡಿಗಳು ಹೊಳೆಯುತ್ತಿದ್ದವು. ಹೆಂಗಸರ ಮುಖಗಳು ಮಾತ್ರ ಇರಲಿಲ್ಲ. ಕುತ್ತಿಗೆಯ ಮೇಲೆ ಇನ್ನೂರು ಹೊಗೆಯುಂಡೆ. ಎಲ್ಲರೂ ತಲೆಯೊಂದನ್ನು ಮಾತ್ರ ಅಲುಗಿಸಿದ್ದರು.

ಸಿಟ್ಟಿನಲ್ಲಿ ಭೂತಗನ್ನಡಿ ಇಟ್ಟು ನೋಡಿದ. ಆಗ ಮುಂದಿನ ಸಾಲಿನ ಹೆಂಗಸರ ಕೈಗಳು ಕಂಡವು. ಮಡಿಲ ಮೇಲೆ ಅಲುಗದೆ ಇಟ್ಟ ಕೈಗಳು. ಬೆಂದು ಸಿಪ್ಪೆ ಎದ್ದ ಬೆರಳು. ಉಗುರು ಉದುರಿದ ಬೆರಳು. ಒಂದು ಕೈಯಲ್ಲಿ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡು ಒಣಗಿದ್ದವು. ಈ ಹೆಂಗಸರ ಮದುವೆಗಳಲ್ಲಿ ಅವನೇ ಫೋಟೊ ತೆಗೆದಿದ್ದ. ಈ ಕೈಗಳನ್ನು ಅವನು ನೋಡಿರಲಿಲ್ಲ.

ಒಂದು ಪ್ರತಿ ಹಿಡಿದು ಸಾಹುಕಾರನ ಮನೆಗೆ ಹೋದ. ಅಲ್ಲಿ ಗುಮಾಸ್ತ ಕೂತಿದ್ದ. ಅವನು ಫೋಟೊವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಕೆಳಗಿಟ್ಟ.

"ಇದರಲ್ಲಿ ದೂರು ಕೊಟ್ಟ ಎಂಟು ಜನ ಯಾರು ಅಂತ ಅವರ ಗಂಡಂದಿರೇ ಬಂದರೂ ಹೇಳೋಕಾಗಲ್ಲ ಸ್ವಾಮಿ."

"ಸೀರೆ ನೋಡಿ ಹೇಳು," ಅಂದ ಸಾಹುಕಾರ.

"ಅವತ್ತು ಉಟ್ಟಿದ್ದ ಸೀರೇನೇ ಇವತ್ತೂ ಉಟ್ಟಿರ್ತಾರಾ?"

ಕ್ಯಾಮೆರಾ ಯಾಕೆ ಬಂತೆಂದು ಮರಿಸ್ವಾಮಿಗೆ ಆಗ ಅರ್ಥವಾಯಿತು.

ಸಾಹುಕಾರ ಅವನ ಕಡೆ ತಿರುಗಿದ. ದನಿ ಬೆಣ್ಣೆಯ ಹಾಗಿತ್ತು. "ನಿಂದೇನೂ ತಪ್ಪಿಲ್ಲಯ್ಯ. ತಲೆ ಆಡಿಸಿ ಅಂತ ಯಾವಳೋ ಒಬ್ಬಳು ಹೇಳಿಕೊಟ್ಟಿದ್ದಾಳೆ. ಯಾರು ಅಂತ ಹೇಳು. ಮಿಕ್ಕ ಏಳು ಜನರ ಹೆಸರು ಅವಳ ಬಾಯಿಂದ ನಾನೇ ಬಿಡಿಸ್ಕೊಳ್ತೀನಿ. ಕ್ಯಾಮೆರಾ ನಿನ್ನ ಹತ್ರನೇ ಇರ್ತದೆ."

ಯಾರೆಂದು ಮರಿಸ್ವಾಮಿಗೆ ಗೊತ್ತಿತ್ತು. ಹೇಳಿದರೆ ಕ್ಯಾಮೆರಾ ಉಳಿಯುತ್ತದೆ. ಹೇಳದಿದ್ದರೆ ಹೋಗುತ್ತದೆ. ನೋಡಿ, ಇಂಥ ಹೊತ್ತಿನಲ್ಲಿ ಬಹಳ ಜನ ಒಳ್ಳೆಯವರು "ನನಗೂ ಹೆಂಡತಿ ಮಕ್ಕಳಿದ್ದಾರೆ" ಎಂದು ಬಾಯಿ ಬಿಟ್ಟಿದ್ದಾರೆ.

"ನಾನೇ ಹೇಳಿಕೊಟ್ಟೆ," ಅಂದ ಮರಿಸ್ವಾಮಿ. "ಅಲುಗಿದರೆ ಮುಖ ಬರಲ್ಲ ಅಂತ ನಾನೇ ಹೇಳಿದ್ದು. ಬೇಕಾದರೆ ಇನ್ನೂರು ಜನರನ್ನೂ ಕೇಳಿ."

ಅವತ್ತೇ ಇಬ್ಬರು ಆಳುಗಳು ಬಂದು ಕ್ಯಾಮೆರಾ ಹೊತ್ತುಕೊಂಡು ಹೋದರು. ಬೇರೆ ಊರಿನಿಂದ ಬೇರೆ ಫೋಟೊಗ್ರಾಫರ್ ಬಂದ. ಸಾಲಿಗೆ ಒಬ್ಬ ಹೆಂಗಸೂ ಬರಲಿಲ್ಲ. ಇನ್ನೂರು ಜನರನ್ನೂ ಬಿಡಿಸಿ ಕಾರ್ಖಾನೆ ನಡೆಸಲು ಸಾಹುಕಾರನಿಗೆ ಆಗಲಿಲ್ಲ.

ಮರಿಸ್ವಾಮಿಯ ಹತ್ತಿರ ಎರಡನೆಯ ಹಾಳೆ ಉಳಿದಿತ್ತು. ಅದರಿಂದ ಕೈಗಳಷ್ಟನ್ನೇ ದೊಡ್ಡದು ಮಾಡಿ ದುಂಡಮ್ಮನ ಮನೆಗೆ ತಂದು ಕೊಟ್ಟ. ಗುಮಾಸ್ತನ ಸಂಗತಿಯನ್ನೂ ಹೇಳಿದ. ಹೆಂಗಸರು ಆ ಫೋಟೊವನ್ನು ಗುಮಾಸ್ತನ ಮೇಜಿನ ಮೇಲೆ ಇಡಲಿಲ್ಲ, ಅವನನ್ನು ದಾಟಿ ಹೋಗಿ ಸಾಹೇಬರ ಕೈಗೇ ಕೊಟ್ಟರು. ತಿಂಗಳೊಳಗೆ ಹೊಸ ಕೊಳವೆ ಬಂತು. ಸಾಹುಕಾರ ದಂಡ ಕಟ್ಟಿದ.

ಮರಿಸ್ವಾಮಿ ಮತ್ತೆ ರೋಲ್ ಕ್ಯಾಮೆರಾ ಹಿಡಿದು ಮದುವೆಗಳಿಗೆ ಹೋಗತೊಡಗಿದ. ಒಂದು ದಿನ ದಾರಿಯಲ್ಲಿ ದುಂಡಮ್ಮ ಸಿಕ್ಕಳು.

"ಈಗಲಾದರೂ ನನ್ನ ಮೇಲೆ ನಂಬಿಕೆ ಬಂತಾ ದುಂಡಕ್ಕ?"

ದುಂಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದ್ ಸಲ ಸರಿಯಾಗಿ ನಿಂತಿದ್ದೀಯ ಕಣಪ್ಪ. ಇನ್ನೊಂದ್ ಸಲ ನೋಡ್ಮ," ಅಂದು ಕೆಲಸಕ್ಕೆ ಹೊರಟಳು.

ನೀತಿ: ಉಳ್ಳವರು ಉಡುಗೊರೆ ಕೊಟ್ಟರೆ ಮೊದಲು ಅನುಮಾನಪಡಿ, ಆಮೇಲೆ ಕೈಚಾಚಿ. ನಿಮ್ಮ ಕಸುಬು ಎಷ್ಟೇ ದೊಡ್ಡದಾಗಲಿ, ಅದರಿಂದ ಯಾರು ಯಾರನ್ನು ಹಿಡಿಯುತ್ತಾರೆ ಎಂದು ಕೇಳದವನು ಬರೀ ಕೂಲಿಯ ಕಣ್ಣು. ಬಡವರ ಅನುಮಾನವನ್ನು ದಡ್ಡತನ ಎನ್ನಬೇಡಿ. ಅವರು ಅದನ್ನು ಕೈ ಸುಟ್ಟುಕೊಂಡು ಕಲಿತಿರುತ್ತಾರೆ.