ಹಾರುವ ಸಂಘದ ಹಾಜರಿ

ಮರಿಹಕ್ಕಿಗಳಿಗೆ ಹಾರಲು ಕಲಿಸುವ ಸಂಘವೊಂದನ್ನು ಮೈನಾ ನಡೆಸುತ್ತಿತ್ತು. ಅದರಿಂದ ಮರಿಗಳಿಗೆ ಏನು ಪ್ರಯೋಜನವಾಗಿದೆ ಎಂದು ಪರಿಶೀಲಿಸಲು ಕೊಕ್ಕರೆ ಬಂತು.

"ನೋಡಿ ಸ್ವಾಮಿ, ಮೂರು ತಿಂಗಳಲ್ಲಿ ಒಬ್ಬರೂ ಒಂದು ದಿನ ತಪ್ಪಿಸಿಲ್ಲ" ಎಂದು ಮೈನಾ ಹಾಜರಿ ಪುಸ್ತಕ ತೆರೆದಿಟ್ಟಿತು.

"ಈ ಹೆಸರಿಗೆ ಕೆಂಪು ಗೀಟು ಎಳೆದಿದ್ದೀರಲ್ಲ?"

"ಅದೊಂದು ತಲೆಹರಟೆ. ಎರಡನೇ ವಾರವೇ ಬರುವುದು ಬಿಟ್ಟಿತು, ತೆಗೆದುಹಾಕಿದೆ."

"ಉಳಿದವರು ಏನು ಕಲಿತರು?"

"ಶಿಸ್ತು ಸ್ವಾಮಿ, ಶಿಸ್ತು!"

ಅಷ್ಟರಲ್ಲಿ ಬೇಲಿ ಸಂದಿಯಿಂದ ಬೆಕ್ಕು ನುಗ್ಗಿತು. ಮೈನಾ ಬೆಚ್ಚಿಬಿದ್ದು ಕೊಂಬೆಗೆ ಹಾರಿ, ಅಲ್ಲಿಂದಲೇ ಕಿರುಚಿತು: "ಗುಂಡೂ, ಹಾರು! ಚಿನ್ನೀ, ಹಾರು!"

ನೆಲದ ಮೇಲೆ ಸಾಲಾಗಿ ನಿಂತಿದ್ದ ಮರಿಗಳು ಸಾಲು ಕೆಡಿಸಲಿಲ್ಲ. ಹೆಸರು ಕೂಗಿದಂತೆಲ್ಲ ಒಂದೊಂದೇ ರೆಕ್ಕೆ ಎತ್ತಿ, "ಹಾಜರ್ ಟೀಚರ್" ಎಂದವು.

ಕೊಂಬೆಯ ಮೇಲೆ ಮೈನಾದ ಪಕ್ಕದಲ್ಲಿ ಬೆಕ್ಕನ್ನು ಕಂಡು ಬೇಲಿಯಾಚೆಯಿಂದ ಹಾರಿಬಂದ ಒಂದೇ ಒಂದು ಮರಿ ಕೂತಿತ್ತು. ಕೆಂಪು ಗೀಟಿನದು.